ಮೇಷ್ಟ್ರನ್ನು ಬೆಟ್ಟ ಹತ್ತಿಸಿದ ಭಾನುವಾರ

ತ್ಯಾಗರಾಜನಗರದ ನಾವು ನಾಲ್ವರು ಗೆಳೆಯರು ಭಾನುವಾರ ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ ಹೊರಟೆವೆಂದರೆ ಏನಾದರೊಂದು ಎಡವಟ್ಟು ಆಗಲೇಬೇಕು. ಅರವತ್ತರ ದಶಕದಲ್ಲಿ ಆದದ್ದನ್ನೆಲ್ಲ ಹೇಳುತ್ತಾ ಕೂತರೆ ಹೊತ್ತು ಸಾಲದು. ಒಂದೇ ಒಂದು ಭಾನುವಾರದ್ದು ಹೇಳುತ್ತೇನೆ. ಅವತ್ತು ನನ್ನ ಮದುವೆಯೇ ಪಣಕ್ಕಿತ್ತು.

ಜಯನಗರದ ನಿವೃತ್ತ ಹೆಡ್‌ಮೇಷ್ಟ್ರೊಬ್ಬರ ಮಗಳನ್ನು ನೋಡಿ ಬಂದಿದ್ದೆ. ಹುಡುಗಿ ನನಗೆ ಬಹಳ ಹಿಡಿಸಿದ್ದಳು. ಮೇಷ್ಟ್ರು ಮಾತ್ರ, "ಅರ್ಧ ಗಂಟೆ ಕೂತು ಉಪ್ಪಿಟ್ಟು ತಿಂದು ಹೋದವನ ಗುಣ ಏನ್ ಗೊತ್ತಾಗುತ್ತೆ? ಒಂದಿಡೀ ದಿನ ಜೊತೇಲಿದ್ದು ನೋಡ್ತೀನಿ" ಎಂದು ಬನ್ನೇರುಘಟ್ಟದ ಬೆಟ್ಟಕ್ಕೆ ಹೊರಟಿದ್ದ ನಮ್ಮ ಗುಂಪಿಗೆ ತಾವೇ ಬಂದು ಸೇರಿಕೊಂಡರು. ಕೋಟು, ಪೇಟ, ಕಚ್ಚೆಪಂಚೆ, ಕೈಯಲ್ಲೊಂದು ಕೊಡೆ.

೧. ಬಸ್ಸಿನಲ್ಲಿ

ಬಸ್ ಹತ್ತಿದ ಕೂಡಲೇ ಕಂಡಕ್ಟರ್ ಮೇಷ್ಟ್ರನ್ನು ನೋಡಿ ನೆಟ್ಟಗೆ ನಿಂತ. ಹಳೆಯ ಶಿಷ್ಯ.

"ಏನೋ, ಹದಿನೇಳರ ಮಗ್ಗಿ ಈಗಲಾದ್ರೂ ಬರುತ್ತೇನೋ?"

"ಬರುತ್ತೆ ಸಾರ್."

"ಎಲ್ಲಿ, ಹೇಳು."

ಪಾಪ, ಕೈಕಟ್ಟಿಕೊಂಡು ಶುರು ಮಾಡಿದ. ನಾಲ್ಕಕ್ಕೆ ತೊದಲಿದ. ಮೊದಲಿನಿಂದ ಹೇಳಿಸಿದರು. ಏಳಕ್ಕೆ ತಪ್ಪಿದ. ಮತ್ತೆ ಮೊದಲಿನಿಂದ. ಕೈಕಟ್ಟಿದವನು ಬೆಲ್ ಹೊಡೆಯುವುದು ಹೇಗೆ? ಬೆಲ್ ಇಲ್ಲದೆ ಡ್ರೈವರ್ ನಿಲ್ಲಿಸುವವನಲ್ಲ.

"ಬಿರ್ನೆ ಹೇಳಣ್ಣ, ನಮ್ಮೂರು ಹೋಯ್ತು!" ಎಂದು ಬಿಳೇಕಹಳ್ಳಿಯ ರೈತರಿಬ್ಬರು ಗೋಗರೆದರು. ಹದಿನೇಳು ಹತ್ತಲ ನೂರಾ ಎಪ್ಪತ್ತು ಮುಗಿದ ಮೇಲೆಯೇ ಅವರು ಇಳಿದು, ಒಂದು ಮೈಲಿ ಹಿಂದಕ್ಕೆ ನಡೆದದ್ದು.

೨. ಹತ್ತುವಾಗ

ಮೇಷ್ಟ್ರು ಮೇಕೆಯ ಹಾಗೆ ಸರಸರನೆ ಹತ್ತುತ್ತಿದ್ದರು. ಕುರ್ಚಿಯಲ್ಲಿ ಕೂತು ಫೈಲು ತಿರುವುವ ನಾನು ಅವರ ಪಕ್ಕದಲ್ಲೇ ಇರಬೇಕು, ಏದುಸಿರೂ ಕೇಳಿಸಬಾರದು. ಸಾಲದ್ದಕ್ಕೆ ಹೆಜ್ಜೆಗೊಂದು ಪ್ರಶ್ನೆ.

"ಆಫೀಸು ಹೇಗಪ್ಪಾ?"

"ಚೆನ್ನಾಗಿದೆ."

"ಜೊತೆಯವರ ಹತ್ರ ಜಗಳ ಗಿಗಳ?"

"ಇಲ್ಲ."

"ಮುಂದೇನು ಯೋಚನೆ?"

ಅಷ್ಟು ಹೊತ್ತಿಗೆ ಆ ಒಂದು ಮಾತಿಗೂ ಉಸಿರಿರಲಿಲ್ಲ. ಸುಮ್ಮನೆ ಮೇಲಕ್ಕೆ ಬೆರಳು ತೋರಿಸಿದೆ.

"ಭೇಷ್!" ಎಂದರು. ಆಮೇಲೆ ನನ್ನ ಗೆಳೆಯರ ಕಡೆ ತಿರುಗಿ, "ಹುಡುಗ ಮಿತಭಾಷಿ. ಈ ಕಾಲದಲ್ಲಿ ಅಪರೂಪ" ಎಂದು ಹೊಗಳಿದರು. ಮೂರು ವರ್ಷದಿಂದ ನನ್ನ ಬಾಯಿ ಮುಚ್ಚಿಸಲಾಗದೆ ಸೋತಿದ್ದ ಮೂವರಿಗೂ ಒಟ್ಟಿಗೆ ಕೆಮ್ಮು ಬಂತು.

೩. ಇಳಿಯುವಾಗ

ಮೇಲೆ ಊಟ ಮುಗಿಸಿ, ಮೇಷ್ಟ್ರ ಮನೆಯ ಚಕ್ಕುಲಿ ಡಬ್ಬಿಯನ್ನೂ ಖಾಲಿ ಮಾಡಿ, ಎಲ್ಲರೂ ಬಂಡೆಯ ನೆರಳಲ್ಲಿ ಒರಗಿದೆವು. ಎಚ್ಚರವಾಗಿ ಗಡಿಯಾರ ನೋಡಿದ ಮೇಷ್ಟ್ರು ಬೆಚ್ಚಿಬಿದ್ದರು.

"ನಾಲ್ಕು ಇಪ್ಪತ್ತೇಳು! ನಾಲ್ಕೂವರೆಗೆ ರಾಹುಕಾಲ!"

ತಕ್ಷಣ ಹೊರಡಬಹುದಿತ್ತು. ಆದರೆ ಬೆವರಿಗೆ ನೆನೆದ ಪೇಟವನ್ನು ಬಿಚ್ಚಿ ಗಿಡದ ಮೇಲೆ ಹರವಿದ್ದರು. ಅದನ್ನು ಸುತ್ತಲು ಕಾಲು ಗಂಟೆ ಬೇಕು, ಬರಿತಲೆಯಲ್ಲಿ ಅವರು ಒಂದು ಹೆಜ್ಜೆ ಇಡುವವರಲ್ಲ. ರಾಹುಕಾಲ ಕಳೆಯುವುದು ಆರಕ್ಕೆ, ಕೊನೆಯ ಬಸ್ಸು ಐದೂವರೆಗೆ. ಕತ್ತಲಾದರೆ ಆನೆ ಬರುವ ಜಾಗ.

"ಬಸ್ಸೂ ಹೋಯ್ತು, ಹುಡುಗೀನೂ ಹೋದ್ಲು ಗುರೂ" ಎಂದು ಗೆಳೆಯ ಪಿಸುಗುಟ್ಟಿದ. ನನಗೆ ನಿಜಕ್ಕೂ ಅಳು ಬರುವಂತಾಯಿತು.

ಆಗ ನಮ್ಮಜ್ಜಿ ಪರಸ್ಥಾನ ಮಾಡಿಸುತ್ತಿದ್ದದ್ದು ಹೊಳೆಯಿತು. ಹೊತ್ತು ಕೆಡುವ ಮುಂಚೆ ಹೊರಡುವವರ ಒಂದು ಸಾಮಾನನ್ನು ಪಕ್ಕದ ಮನೆಗೆ ಸಾಗಿಸಿಬಿಟ್ಟರೆ, ಪ್ರಯಾಣ ಶುರುವಾದ ಹಾಗೆಯೇ.

"ಸಾರ್, ಪರಸ್ಥಾನ ಮಾಡಿದ್ರೆ ನಡೆಯುತ್ತಲ್ವಾ?"

"ನಡೆಯುತ್ತೆ. ಆದ್ರೆ ಪಕ್ಕದ ಮನೆ ಎಲ್ಲಪ್ಪಾ ಇಲ್ಲಿ?"

ಉತ್ತರ ಕೊಡುತ್ತಾ ನಿಲ್ಲಲಿಲ್ಲ. ಅವರ ದುಂಡನೆಯ ಹಿತ್ತಾಳೆ ಡಬ್ಬಿಯನ್ನು ಎತ್ತಿ ಇಳಿಜಾರಿಗೆ ಉರುಳಿಸಿಬಿಟ್ಟೆ. ಠಣಾ ಠಣಾ ಎಂದು ಕುಪ್ಪಳಿಸುತ್ತಾ ಹೋಗಿ ಪೊದೆಗಳಲ್ಲಿ ಮಾಯವಾಯಿತು.

ಮೇಷ್ಟ್ರು ಗಡಿಯಾರ ನೋಡಿದರು. "ಇಪ್ಪತ್ತೊಂಬತ್ತು! ಹೊರಟಾಯ್ತು!" ಎಂದು ಚಪ್ಪಾಳೆ ತಟ್ಟಿ, ನಿಧಾನವಾಗಿ ಕೂತು ಪೇಟ ಸುತ್ತಿಕೊಂಡರು.

ಇಳಿಯುತ್ತಾ ಡಬ್ಬಿಗಾಗಿ ಹುಡುಕಿದೆವು, ಸಿಗಲಿಲ್ಲ. ಬಸ್ಸು ಸಿಕ್ಕಿತು. ಸೀಟಿನಲ್ಲಿ ಕೂತವರೇ ಮೇಷ್ಟ್ರು ನನ್ನ ಭುಜ ತಟ್ಟಿ, "ಬರೋ ಭಾನುವಾರ ನಿಮ್ಮ ತಂದೆಯವರನ್ನ ಕರ್ಕೊಂಡ್ ಬನ್ನಿ, ತಾಂಬೂಲ ಬದಲಾಯಿಸೋಣ. ನಾಲ್ಕೂವರೆ ಒಳಗೆ" ಎಂದರು. ನಾನು ಗೆದ್ದಿದ್ದೆ!

ಅವರನ್ನು ಮನೆ ತಲುಪಿಸಿದಾಗ ಬಾಗಿಲಲ್ಲೇ ನಿಂತಿದ್ದ ಅತ್ತೆಯವರ ಕಣ್ಣು ಅಳಿಯನ ಮೇಲೆ ಬೀಳಲೇ ಇಲ್ಲ.

"ಏನೂಂದ್ರೆ, ನಮ್ಮ ತೌರುಮನೆಯ ಡಬ್ಬಿ ಎಲ್ಲಿ?"

ಮೇಷ್ಟ್ರು ಕೊಡೆಯನ್ನು ಮೂಲೆಗೆ ಒರಗಿಸುತ್ತಾ ಹೇಳಿದರು: "ನಮಗಿಂತ ಮುಂಚೆ ಹೊರಟಿತ್ತಲ್ಲೇ, ಇನ್ನೂ ಬಂದಿಲ್ವಾ?"