ನಮ್ಮ ಶಾಲೆಗೆ ಏನೂ ಕಡಿಮೆ ಇಲ್ಲ!

ಫಾರಂ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಕೋಟದಿಂದ ಹಾಲಾಡಿಯವರೆಗೆ ಯಾರೂ ಇಲ್ಲ ಎಂದು ಮೊನ್ನೆಮೊನ್ನೆಯವರೆಗೂ ನಾನು ನಂಬಿದ್ದೆ. ಸೊಸೈಟಿಯ ಕೆಲಸದಿಂದ ನಿವೃತ್ತನಾದ ಮೇಲೆ ಹನ್ನೊಂದು ಮದುವೆ ಮಾಡಿಸಿದ್ದೇನೆ. ಹನ್ನೊಂದು ವರರ ವಿವರವನ್ನೂ ಬರೆದದ್ದು ಇದೇ ಕೈ! ಹುಡುಗನ ತಲೆ ಬೋಳಾಗಿದ್ದರೆ ‘ವಿಶಾಲವಾದ ಹಣೆ’. ಹಲ್ಲು ಮುಂದಿದ್ದರೆ ‘ಸದಾ ನಗುಮುಖ’. ಕೆಲಸವೇ ಇಲ್ಲದಿದ್ದರೆ ‘ಮನೆಯಲ್ಲಿ ಎಲ್ಲರಿಗೂ ಬೇಕಾದವನು’. ಕೊನೆಗೆ ನನ್ನದೇ ಆದ ಒಂದು ಸಾಲು: ‘ಏನೂ ಕಡಿಮೆ ಇಲ್ಲ.’

ಇಂಥ ನನ್ನ ಹತ್ತಿರ ಒಂದು ಸಂಜೆ ನಮ್ಮೂರ ಸರಕಾರಿ ಶಾಲೆಯ ವಿನೋದಾ ಟೀಚರು, ಇನ್ನೊಬ್ಬ ಟೀಚರನ್ನು ಕೇಳುವ ಫಾರಂ ಹಿಡಿದುಕೊಂಡು ಬಂದರು. ನಾನು ಆ ಶಾಲೆಯ ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷ. ಇಪ್ಪತ್ತೆರಡು ಮಕ್ಕಳು, ಐದು ತರಗತಿ, ಟೀಚರು ಇವರೊಬ್ಬರೇ. ಒಂದನೇ ಕ್ಲಾಸಿಗೆ ‘ಅ ಆ’ ತಿದ್ದಿಸುವಷ್ಟರಲ್ಲಿ ಐದನೇ ಕ್ಲಾಸು ಕಿಟಕಿ ಹತ್ತಿ ಕೂತಿರುತ್ತದೆ.

“ಅಧ್ಯಕ್ಷ್ರೇ, ಇದನ್ನ ತುಂಬಿ ನಾಳೆ ಕುಂದಾಪುರದ ಆಫೀಸಿಗೆ ಕೊಟ್ಟ್ ಬತ್ರ್ಯಾ? ನಂಗೆ ಶಾಲಿ ಬಿಟ್ಟ್ ಹೋಪುಕಾತಿಲ್ಲ. ಇದ್ದದ್ದ್ ಇದ್ದ ಹಾಂಗೇ ಬರ್ದ್ರೆ ಸಾಕ್. ಇನ್ನೊಬ್ರ್ ಟೀಚರ್ ಬಾರ್ದೇ ಇದ್ರೆ ಅನ್ವಿತನ ಅಪ್ಪ ಅವ್ಳನ್ನ ಕೋಟೇಶ್ವರದ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕ್ತ್ರಂಬ್ರ್. ಅವ್ಳ್ ಹೋದ್ರೆ ಉಳ್ದವ್ರೂ ಹಿಂದೇ ಹೋತ್ರ್.”

ಅನ್ವಿತಾ ನಮ್ಮ ಪಕ್ಕದ ಮನೆಯ ಹುಡುಗಿ, ನಾಲ್ಕನೇ ಕ್ಲಾಸು, ಶಾಲೆಗೇ ಚುರುಕು. ಅವಳು ಹೋದರೆ ಶಾಲೆಯ ಬಾಗಿಲಿಗೆ ಬೀಗ ಬಿದ್ದ ಹಾಗೆಯೇ. ನಾನೇ ‘ಅ’ ಕಲಿತ ಶಾಲೆ! ಎದೆ ಉಬ್ಬಿಸಿ, “ನಿಶ್ಚಿಂತೆಯಲ್ಲಿ ಹೋಗಿ ಟೀಚರೇ” ಎಂದೆ.

ಕಾಯಿ ತುರಿಯುತ್ತಿದ್ದ ನನ್ನ ಹೆಂಡತಿ ಗಿರಿಜೆ ಒಳಗಿನಿಂದಲೇ ಕೂಗಿದಳು: “ಹ್ವಾಯ್, ಅವ್ರ್ ಹೇಳ್ದಷ್ಟೇ ಬರ್ದ್ ಕೊಡಿ ಕಾಣಿ. ಮಧ್ಯ ನಿಮ್ ಬುದ್ಧಿ ಸೇರ್ಸ್ಬೇಡಿ.”

ನನ್ನ ಬುದ್ಧಿ ಸೇರಿಸದೆ ನಾನೇಕೆ ಬರೆಯಬೇಕು?

ಕುಳಿತು ಬರೆಯತೊಡಗಿದೆ. ‘ಗ್ರಂಥಾಲಯ ಇದೆಯೇ?’ ಒಂದು ಕಬ್ಬಿಣದ ಕಪಾಟು ಇದೆ, ಅದರ ಬೀಗದಕೈ ಕಳೆದುಹೋಗಿ ಎರಡು ವರ್ಷವಾಯಿತು. ಬರೆದೆ: ‘ಇದೆ. ಪುಸ್ತಕಗಳು ಅತ್ಯಂತ ಸುರಕ್ಷಿತ.’ ‘ಕಂಪ್ಯೂಟರ್?’ ಇದೆ, ಒಳಗೆ ಹಲ್ಲಿ ಮೊಟ್ಟೆಯಿಟ್ಟಿದೆ. ಬರೆದೆ: ‘ಇದೆ. ವಿದ್ಯುತ್ ಖರ್ಚು ಇಲ್ಲವೇ ಇಲ್ಲ.’ ‘ಆಟದ ಮೈದಾನ?’ ಶಾಲೆಯ ಹಿಂದೆ ಯಾರದೋ ಗದ್ದೆ, ಕೊಯ್ಲು ಮುಗಿದ ಮೇಲೆ ಮಕ್ಕಳು ಅಲ್ಲಿ ಓಡುತ್ತಾರೆ. ಬರೆದೆ: ‘ವಿಶಾಲವಾಗಿದೆ. ಮಳೆಗಾಲದಲ್ಲಿ ಹಚ್ಚ ಹಸಿರು.’ ‘ಪ್ರಯೋಗ ಸಲಕರಣೆ?’ ಒಂದು ಅಯಸ್ಕಾಂತ, ಮತ್ತೆ ಸ್ಟ್ಯಾಂಡ್ ಕಳಚಿದ ಒಂದು ಗ್ಲೋಬು. ಗ್ಲೋಬಿನಲ್ಲಿ ಮಕ್ಕಳು ಫುಟ್‌ಬಾಲ್ ಆಡುತ್ತಾರೆ. ‘ಮಕ್ಕಳು ದಿನವೂ ಬಳಸುತ್ತಾರೆ’ ಎಂದು ಬರೆದೆ. ಸುಳ್ಳು ಒಂದಕ್ಷರವೂ ಇಲ್ಲ!

‘ಶಿಕ್ಷಕರ ಕೊರತೆ’ ಎಂಬಲ್ಲಿ ಪೆನ್ನು ನಿಂತಿತು. ಕೊರತೆ ಎಂಬ ಶಬ್ದ ನನ್ನ ಕೈಯಿಂದ ಇದುವರೆಗೆ ಬಂದದ್ದೇ ಇಲ್ಲ. ಊರಿನ ಮರ್ಯಾದೆಯ ಪ್ರಶ್ನೆ! ಕೊನೆಗೆ ಬರೆದೆ: ‘ಇರುವ ಒಬ್ಬರೇ ಐದು ತರಗತಿಯನ್ನೂ ಲೀಲಾಜಾಲವಾಗಿ ನಿಭಾಯಿಸುತ್ತಾರೆ. ಆದರೂ ಇನ್ನೊಬ್ಬರನ್ನು ಕಳುಹಿಸಿದರೆ ಸಂತೋಷ.’ ಅದರ ಕೆಳಗೆ, ‘ಸ್ಥಳೀಯವಾಗಿ ಸ್ವಯಂಸೇವಕ ಬೋಧಕರು ಲಭ್ಯವಿದ್ದಾರೆಯೇ?’ ಜಾಗ ಖಾಲಿ ಬಿಟ್ಟರೆ ಚಂದವಲ್ಲವೆಂದು ನನ್ನ ಹೆಸರನ್ನೇ ಹಾಕಿದೆ. ವಿಷಯ: ಗಣಿತ, ಇಂಗ್ಲಿಷ್, ಯೋಗ. ಷರಾದಲ್ಲಿ ನನ್ನ ಸಾಲು: ‘ಏನೂ ಕಡಿಮೆ ಇಲ್ಲ.’

ತಿಂಗಳು ಕಳೆದು ಉತ್ತರ ಬಂತು. ‘ತಮ್ಮ ಶಾಲೆಯು ಸರ್ವ ಸೌಲಭ್ಯಗಳಿಂದ ಕೂಡಿರುವುದು ಸಂತೋಷದ ವಿಷಯ. ನುರಿತ ಸ್ವಯಂಸೇವಕರು ಊರಿನಲ್ಲಿಯೇ ಲಭ್ಯರಿರುವುದರಿಂದ, ಹೆಚ್ಚುವರಿ ಶಿಕ್ಷಕರನ್ನು ಹೆಚ್ಚು ಅಗತ್ಯವಿರುವ ಶಾಲೆಗೆ ನೀಡಲಾಗಿದೆ.’

ಆ ಹೆಚ್ಚು ಅಗತ್ಯವಿರುವ ಶಾಲೆ ಗಿರಿಜೆಯ ಅಣ್ಣನ ಊರಿನದು! ಅಲ್ಲಿನ ಫಾರಂ ತುಂಬಿದ್ದೂ ಆ ಅಣ್ಣನೇ.

“ಅಣ್ಣ ಮೂರ್ ಪುಟ ಬರೀ ‘ಇಲ್ಲ, ಇಲ್ಲ’ ಅಂದೇ ಬರ್ದಿದ್ನಂಬ್ರ್” ಎಂದಳು ಗಿರಿಜೆ, ತವರಿನ ಅಭಿಮಾನದಲ್ಲಿ. “ನಿಮ್ಗೆ ಮಂಡೆ ಸಮ ಇತ್ತಾ? ಶಾಲಿಗೆ ಟೀಚರ್ ಕೇಂತಾ ಇದ್ರ್ಯಾ, ಹೆಣ್ಣ್ ಕೇಂತಾ ಇದ್ರ್ಯಾ?”

ವಿನೋದಾ ಟೀಚರು ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ. “ನಾಳೆ ಒಂಬತ್ತೂವರೆಗೆ ಬನಿ. ನಾಲ್ಕನೇ ಕ್ಲಾಸಿಗೆ ಗಣಿತ. ಊಟ ಆದ್ಮೇಲೆ ಯೋಗ” ಎಂದರು.

ಯೋಗದಲ್ಲಿ ನನಗೆ ಬರುವುದು ಶವಾಸನ ಒಂದೇ. ಮಕ್ಕಳಿಗೆ ಅದನ್ನು ತೋರಿಸಲು ಮಲಗಿದವನನ್ನು ಸಂಜೆ ಲಾಂಗ್ ಬೆಲ್ ಹೊಡೆದು ಎಬ್ಬಿಸಬೇಕಾಯಿತು. ಆದರೆ ಅದಕ್ಕಿಂತ ಮೊದಲೇ ಗಣಿತದಲ್ಲಿ ಮಾನ ಹೋಗಿತ್ತು. ನಾನೂರ ಹನ್ನೆರಡನ್ನು ನಾಲ್ಕರಿಂದ ಭಾಗಿಸಿ, ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಹದಿಮೂರು ಎಂದು ಬರೆದಿದ್ದೆ.

ಅನ್ವಿತಾ ಎದ್ದು ನಿಂತಳು. “ಸರ್, ನಾನೂರ ಹನ್ನೆರಡ್ ಚಾಕ್ಲೇಟ್ ನಾಕ್ ಜನಕ್ಕೆ ಹಂಚಿರೆ ಒಬ್ರಿಗೆ ಹದಿಮೂರೇಯಾ? ಉಳ್ದದ್ದ್ ಯಾರ್ ತಿಂದದ್?”

ಕ್ಲಾಸು ಘೊಳ್ಳೆಂದು ನಕ್ಕಿತು. ಅವಳು ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಒಂದಕ್ಕೂ ಮೂರಕ್ಕೂ ನಡುವೆ ಸೊನ್ನೆ ಹಾಕಿದಳು. “ಒಂದ್ ಸೊನ್ನೆ ಕಡ್ಮಿ ಆಯ್ತ್ ಸರ್” ಎಂದಳು. ಹನ್ನೊಂದು ಮದುವೆ ಮಾಡಿಸಿದವನು ನಾಲ್ಕನೇ ಕ್ಲಾಸಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತು ಭಾಗಾಕಾರ ಕಲಿತೆ. ಅಂದಿನಿಂದ ದಿನವೂ ಇದೇ ಆಯಿತು.

ಮರುವಾರ ಅವಳ ಅಪ್ಪ ಟಿಸಿ ಕೇಳಲು ಬಂದೇಬಿಟ್ಟರು. ಟೀಚರು ರಿಜಿಸ್ಟರ್ ತೆಗೆದರು. ನನ್ನ ಒಂದು ಫಾರಮ್ಮಿನಿಂದ ಶಾಲೆಯೇ ಮುಚ್ಚುತ್ತದಲ್ಲ ಎಂದು ಸಂಕಟವಾಯಿತು. ಏನಾದರೂ ಹೇಳೋಣವೆಂದರೆ ಬಾಯಿಗೆ ಬರುವುದು ‘ಏನೂ ಕಡಿಮೆ ಇಲ್ಲ’ ಒಂದೇ!

ಆಗ ಬಾಗಿಲಲ್ಲಿ ಅನ್ವಿತಾ. “ಅಪ್ಪಯ್ಯ, ನಂಗೆ ಈಗ ಹೋಪುಕಾತಿಲ್ಲ. ಅಧ್ಯಕ್ಷ್ರಿಗೆ ಭಾಗಾಕಾರವೇ ಇನ್ನೂ ಸಮ ಬತ್ತಿಲ್ಲ. ನಾ ಹೋದ್ರೆ ಅವ್ರಿಗೆ ಯಾರ್ ಹೇಳಿಕೊಡೂದ್?”

ಅವಳ ಅಪ್ಪ ನನ್ನನ್ನು ನೋಡಿದರು. ನಾನು ಗ್ಲೋಬನ್ನು ನೋಡಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, “ಆಯ್ತ್ ಮಾರಾಯ್ತಿ, ಅವ್ರ್ ಒಂದ್ ಪಾಸಾಗ್ಲಿ, ಮತ್ತೆ ಕಾಂಬ” ಎಂದು ಹೊರಟೇಹೋದರು. ನನಗಾದ ಖುಷಿಯಲ್ಲಿ, ನಾಚಿಕೆಯಾಗಬೇಕು ಎಂಬುದು ಮನೆ ಮುಟ್ಟುವವರೆಗೆ ನೆನಪಾಗಲಿಲ್ಲ.

ಈ ವರ್ಷ ಮತ್ತೆ ಫಾರಂ ಬಂದಿದೆ. ಟೀಚರು ತಾವೇ ತುಂಬಿದ್ದಾರೆ. ಬೀಗದಕೈ ಇಲ್ಲ, ಕಂಪ್ಯೂಟರಿನಲ್ಲಿ ಹಲ್ಲಿ, ಟೀಚರು ಒಬ್ಬರು ಕಡಿಮೆ, ಎಲ್ಲ ಇದ್ದ ಹಾಗೇ. ಕೊನೆಯಲ್ಲಿ ‘ಕಲಿಕೆಯಲ್ಲಿ ಹಿಂದುಳಿದವರು’ ಎಂಬಲ್ಲಿ ‘ಒಬ್ಬರು’ ಎಂದು ಬರೆದು, ಪಕ್ಕದ ‘ವಯಸ್ಸು’ ಮಾತ್ರ ಖಾಲಿ ಬಿಟ್ಟು, ಪೆನ್ನನ್ನು ನನ್ನ ಕೈಗೆ ಕೊಟ್ಟರು.

ಈ ಸಲ ನನ್ನ ಬುದ್ಧಿ ಸೇರಿಸಲಿಲ್ಲ. ಅರವತ್ತೆರಡು ಎಂದು ಬರೆದೆ.