ದೊಡ್ಡವ್ವನ ಎದುರು ಕಥೆ ಹೇಳಬಾರದು

ನಿಮ್ಮ ಹತ್ತಿರ ಒಳ್ಳೆಯದೊಂದು ಕಥೆ ಇದೆಯೇ? ಹಾಗಿದ್ದರೆ ಇಳಕಲ್ಲಿಗೆ ಬಂದಾಗ ನಮ್ಮ ದೊಡ್ಡವ್ವನ ಓಣಿ ಬಿಟ್ಟು ಸುತ್ತು ಹಾಕಿಕೊಂಡು ಹೋಗಿ. ನೀವು ‘ಒಂದೂರಾಗ’ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಆ ಊರಿನವರನ್ನೆಲ್ಲ ಮದುವೆ ಮಾಡಿಸಿಯೋ ಮಣ್ಣು ಮಾಡಿಯೋ ಕೈ ತೊಳೆದುಕೊಂಡಿರುತ್ತಾಳೆ!

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವ್ವ ಹೋದ ಮೇಲೆ ನನಗೆ ತವರು ಅಂತ ಇರುವುದು ಅದೊಂದೇ ಮನೆ. ಹೋದ ವರ್ಷ ಗಂಡನ ಮನೆ ಬಿಟ್ಟು ಬಾಗಲಕೋಟೆಯಲ್ಲಿ ಬಸ್ಸು ಹತ್ತಿದಾಗ ನನಗೆ ಜನರ ಹೆದರಿಕೆ ಇರಲಿಲ್ಲ. ಜನ ಹೇಗಿದ್ದರೂ ಅಂತಾರೆ. ದೊಡ್ಡವ್ವ ನನ್ನ ಕಥೆಯನ್ನೂ ಎರಡು ಮಾತಿನಲ್ಲಿ ಮುಗಿಸಿಬಿಟ್ಟರೆ ಏನು ಗತಿ? ಅವಳು ಹೇಳಿದ ಕೊನೆ ಇದುವರೆಗೆ ಸುಳ್ಳಾದದ್ದೇ ಇಲ್ಲವಲ್ಲ! ದಾರಿಯುದ್ದಕ್ಕೂ ನನ್ನನ್ನು ಕೊರೆದದ್ದು ಇದೇ.

ಅವಳ ಪ್ರಕಾರ ಜಗತ್ತಿನಲ್ಲಿರುವ ಕಥೆಗಳೇ ಮೂರು. ನೇಕಾರರ ಮನೆಯ ಹೆಂಗಸು, ರಾಟಿಯ ಮುಂದೆ ಕೂತು ನೂಲು ಸುತ್ತುತ್ತಲೇ ತಲೆ ನರೆತದ್ದು. ಇಳಕಲ್ ಸೀರೆಯ ಸೆರಗಿನಲ್ಲಿ ಕೆಂಪೂ ಬಿಳಿಯೂ ಕೂಡುವಲ್ಲಿ ಹಲ್ಲುಹಲ್ಲಾಗಿ ನೇಯ್ದಿರುತ್ತಾರಲ್ಲ, ಆ ಹಲ್ಲುಗಳ ಹೆಸರನ್ನೇ ಕಥೆಗಳಿಗೂ ಇಟ್ಟಿದ್ದಾಳೆ. ಸುಖದುಃಖ ಒಂದರ ಹಿಂದೊಂದು ಏರಿಳಿದರೆ ಅದು ಹಣಗಿ, ಅಂದರೆ ಬಾಚಣಿಗೆ. ಮೇಲೇರಿ ದೊಪ್ಪನೆ ಬಿದ್ದರೆ ಗುಡ್ಡ. ಕಷ್ಟಪಟ್ಟು ಏರಿ ಅಲ್ಲೇ ನೆಮ್ಮದಿಯಾಗಿ ಕೂತರೆ ಕ್ವಾಟಿ, ಕೋಟೆಯ ಗೋಡೆ. ನಾಲ್ಕನೆಯದನ್ನು ಬ್ರಹ್ಮನೂ ನೇಯ್ದಿಲ್ಲವಂತೆ.

ಸಂಜೆ ಟೀವಿಯಲ್ಲಿ ಧಾರಾವಾಹಿ ಶುರುವಾದರೆ ಪಕ್ಕದ ಮನೆಯ ಹಸೀನಾ ಚಾಚಿಗೆ ಜೀವ ಕೈಯಲ್ಲಿ. ನಾಯಕಿ ಅಳುತ್ತ ಬಾಗಿಲು ದಾಟಿದಳೋ ಇಲ್ಲವೋ, ದೊಡ್ಡವ್ವ ತೀರ್ಪು ಕೊಟ್ಟಾಯಿತು.

“ಹಣಗಿ. ಈಗ ಹೋದಾಕಿ ನಾಳೆ ಬರ್ತಾಳ. ಬಂದ ಮ್ಯಾಲ ಅತ್ತಿ ಮನಿ ಬಿಟ್ಟ ಹೊಕ್ಕಾಳ.”

“ಅಕ್ಕಾರ, ನಿಮಗ ಕೈ ಮುಗೀತೇನ್ರಿ. ಜಾಹೀರಾತು ಬಂದಾಗರ ಸುಮ್ನ ಕುಂದರ್ರಿ.”

ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು. ದೊಡ್ಡವ್ವ ಒಂದು ಗಳಿಗೆ ತಡೆದುಕೊಂಡಳು. ಆಗಲಿಲ್ಲ.

“ಕ್ವಾಟಿ. ಅಂಗಿ ಬೆಳ್ಳಗ ಆಕ್ಕೈತಿ.”

ಒಮ್ಮೆ ಅವಳನ್ನು ಐಹೊಳೆಗೆ ಕರೆದುಕೊಂಡು ಹೋಗಿದ್ದೆವು. ಗುಡಿ ತೋರಿಸುವ ಗೈಡು ಗಂಟಲು ಸರಿಮಾಡಿಕೊಂಡು, ಕಂಬದಲ್ಲಿದ್ದ ಹೆಣ್ಣಿನ ಮೂರ್ತಿಗೆ ಕೈ ತೋರಿಸಿದ. “ಒಬ್ಬ ಶಿಲ್ಪಿ ಇದ್ದ್ರೀ, ಬಡವ. ರಾಜನ ಮಗಳಿಗೆ ಅವನ ಮ್ಯಾಲ ಮನಸಾತು...”

“ಗುಡ್ಡ,” ಎಂದಳು ದೊಡ್ಡವ್ವ. “ರಾಜಗ ಗೊತ್ತಾಕ್ಕೈತಿ, ಶಿಲ್ಪಿ ಸಾಯ್ತಾನ, ಆಕಿ ಈ ಕಂಬದಾಗ ಉಳೀತಾಳ. ಮುಂದಿನ ಗುಡಿಗೆ ನಡೀರಿ, ಬಿಸಲ ಏರಾಕತ್ತೈತಿ.”

ಗೈಡನ ಮುಖ ಸಣ್ಣದಾಯಿತು. “ಅವ್ವಾರ, ನಿಮಗ ಹೆಂಗ ಗೊತ್ತಾತ್ರಿ? ಈ ಕಥಿ ನಾನ ನಿನ್ನೆ ರಾತ್ರಿ ಹುಟ್ಟಿಸೇನಿ.”

“ನಿನ್ನೆ ಹುಟ್ಟಿದ ಕೂಸಿಗೂ ಮಾರಿ ಅಪ್ಪನಂಗ ಇರ್ತೈತಪಾ.”

ನಾನೂ ನಾಲ್ಕಕ್ಷರ ಕಲಿತವಳು, ಸುಮ್ಮನಿರಲಾದೀತೇ? ಲೋಕದ ಕಥೆಗಳೆಲ್ಲ ಮೂರೇ ಆಗುವುದು ಹೇಗೆ ಎಂದು ಜಗಳ ತೆಗೆದೆ. ರಜೆಗೆ ಬಂದಾಗಲೆಲ್ಲ ಗ್ರಂಥಾಲಯದಿಂದ ದಪ್ಪ ದಪ್ಪ ಕಾದಂಬರಿ ತಂದು ಓದಿ ಹೇಳಿದೆ. ಒಂದೊಂದೂ ಹಣಗಿಯಲ್ಲೋ ಗುಡ್ಡದಲ್ಲೋ ಹೋಗಿ ಕೂತಿತು. ಸೋತು ಸುಣ್ಣವಾದೆ. ವಿಚಿತ್ರವೆಂದರೆ, ಕೊನೆಯನ್ನು ತಾನೇ ಹೇಳಿದ ಕಥೆಗೂ ಅವಳು ಕೊನೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಮೊದಲ ಗೊತ್ತಿತ್ತಲ್ಲ ದೊಡ್ಡವ್ವಾ, ಮತ್ತ್ಯಾಕ ಅಳ್ತಿ?”

“ಹುಗ್ಗಿ ಸಿಹಿ ಇರ್ತೈತಿ ಅಂತ ಗೊತ್ತಿದ್ರೂ ತಿಂತೀ ಇಲ್ಲೋ?”

ಇಂಥವಳ ಮನೆಗೆ ನಾನು ಹೋದ ವರ್ಷ ಎರಡು ಚೀಲ ಹಿಡಿದು ಬಂದಿಳಿದೆ. ಅವಳು ಏನೂ ಕೇಳಲಿಲ್ಲ, ರೊಟ್ಟಿ ಬಡಿದು ಹಾಕಿದಳು. ಆದರೆ ಓಣಿಯಲ್ಲಿ ಸುದ್ದಿಗೆ ಕಾಲು ಬರುವುದಕ್ಕೆ ಎಷ್ಟು ಹೊತ್ತು? ಮರುದಿನ ಮಧ್ಯಾಹ್ನ ಪಡಸಾಲೆ ತುಂಬ ಹೆಂಗಸರು. ಶಿರೂರಿನಿಂದ ಬಂದಿದ್ದ ದೊಡ್ಡವ್ವನ ನಾದಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಮಾತು ತೆಗೆದಳು.

“ಇಂಥಾವು ಎಷ್ಟ ನೋಡಿಲ್ಲ ನಾವು. ಸಿಟ್ಟ ಇಳದ ಮ್ಯಾಲ ತಾನ ತಿರುಗಿ ಹೊಕ್ಕಾಳ. ಇಲ್ಲಾಂದ್ರ ಹಿಂಗ ಮಂದಿ ಮನ್ಯಾಗ ಮೂಲಿ ಹಿಡದು ಕುಂದರ್ತಾಳ. ವೈನಿ, ನೀವ ಹೇಳ್ರಿ, ಇದು ಹಣಗಿನೋ, ಗುಡ್ಡಾನೋ?”

ಎಲ್ಲರ ಕಣ್ಣೂ ದೊಡ್ಡವ್ವನ ಮೇಲೆ. ನಾನು ನೆಲ ನೋಡುತ್ತ ಕೂತೆ. ಅವಳು ‘ಗುಡ್ಡ’ ಎಂದುಬಿಟ್ಟರೆ ನನಗೆ ಮತ್ತೆ ಏಳಲು ಶಕ್ತಿ ಇರಲಿಲ್ಲ.

“ನನಗ ತಿಳಿವಲ್ದು,” ಎಂದಳು ದೊಡ್ಡವ್ವ.

ಹಸೀನಾ ಚಾಚಿ ಬಾಯಿಗೆ ಒಯ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು.

“ನಿಮಗ ತಿಳಿವಲ್ದ?” ನಾದಿನಿಗೆ ನಂಬಿಕೆಯೇ ಬರಲಿಲ್ಲ.

“ಇಲ್ಲ. ಇಂಥಾ ಕಥಿ ನಾ ಕೇಳೇ ಇಲ್ಲ. ಹೇಳಾಕಿನ ಇನ್ನೂ ಬಾಯಿ ತಗದಿಲ್ಲ, ನಡುವ ನಂದೇನೈತಿ? ಚಾ ಕುಡೀರಿ, ಆರತೈತಿ.”

ಅದು ಶುದ್ಧ ಸುಳ್ಳು. ಗಂಡನ ಮನೆ ಬಿಟ್ಟು ಬಂದವರು ಆ ಓಣಿಯಲ್ಲೇ ಎಷ್ಟೋ ಜನ. ಅವರು ಹೊಸ್ತಿಲು ದಾಟುವ ಮೊದಲೇ ಅವರ ಕೊನೆ ಹೇಳಿದವಳು ಇವಳೇ, ಅದು ಅಲ್ಲಿ ಕೂತವರಿಗೆಲ್ಲ ಗೊತ್ತು. ಜೀವಮಾನವಿಡೀ ಗಳಿಸಿದ ಹೆಸರನ್ನು ನನ್ನ ಸಲುವಾಗಿ ಅಷ್ಟು ಮಂದಿಯ ಎದುರು ಕಳೆದುಕೊಂಡಳು. ನನ್ನ ಅವ್ವ ಬದುಕಿದ್ದರೂ ಇದಕ್ಕಿಂತ ಹೆಚ್ಚು ಏನು ಮಾಡುತ್ತಿದ್ದಳೋ ನಾನರಿಯೆ.

ಎಲ್ಲರೂ ಎದ್ದುಹೋದ ಮೇಲೆ ಅವಳು ನನ್ನ ಪಕ್ಕಕ್ಕೆ ಬಂದು ಕೂತಳು. “ಈಗ ಹೇಳವಾ, ಮೊದಲಿಂದ.”

ನಾನು ಅಳುತ್ತ, ತೊದಲುತ್ತ, ಹಿಂದಿನದನ್ನು ಮುಂದೆ ಮಾಡಿ ಹೇಳಿದೆ. ಸಂಜೆಯಾಯಿತು. ದೊಡ್ಡವ್ವ ಎಲ್ಲಿಯೂ ನಡುವೆ ಬಾಯಿ ಹಾಕಲಿಲ್ಲ. ನಾನು ಮಾತು ಸಿಗದೆ ನಿಂತಲ್ಲೆಲ್ಲ ನನ್ನ ಕೈ ಹಿಡಿದು, ಹುಟ್ಟಿದಾಗಿನಿಂದ ಯಾರನ್ನೂ ಕೇಳದಿದ್ದದ್ದನ್ನು ಕೇಳಿದಳು.

“ಮುಂದ?”