ಬಾನೆಟ್ ಮಾತ್ರ ಎತ್ತಬೇಡಿ

ಕಾರಿನ ಕೀಲಿಕೈ ಕೊಡುವಾಗ ಮಾವ ಹೇಳಿದ್ದು ಒಂದೇ ಮಾತು. "ವಾರಪೂರ್ತಿ ಎಲ್ಲಿ ಬೇಕಾದ್ರೂ ಓಡಾಡಿ ಅಳಿಯಂದಿರೇ. ಬಾನೆಟ್ ಮಾತ್ರ ಎತ್ತಬೇಡಿ."

ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯ ಮೇಷ್ಟ್ರಿಗೆ ಹೀಗೆ ಹೇಳುವುದೆಂದರೆ ಬೆಕ್ಕನ್ನು ಹಾಲಿನ ಪಾತ್ರೆಯ ಕಾವಲಿಗೆ ಕೂರಿಸಿದ ಹಾಗೆ. ಆದರೂ ಮೇಷ್ಟ್ರು ಕೈಕಟ್ಟಿ ಕೂತಿದ್ದರು. ಕಾರಣ, ಮಾವನ ಮನೆಯ ಗೋಡೆ ಗಡಿಯಾರ. ಹೋದ ವರ್ಷ ಅದನ್ನು ಬಿಚ್ಚಿ ಜೋಡಿಸಿದಾಗ ಎರಡು ಸ್ಕ್ರೂ ಮಿಕ್ಕಿದ್ದವು. ಗಡಿಯಾರ ಅಂದಿನಿಂದ ಒಂದು ನಿಮಿಷವೂ ಹಿಂದೆ ಬೀಳದೆ ನಡೆಯುತ್ತಿತ್ತು. ಆದರೆ ಮಾವ ಆ ಎರಡು ಸ್ಕ್ರೂಗಳನ್ನು ಡಬ್ಬಿಯಲ್ಲಿಟ್ಟು, ಬಂದ ನೆಂಟರಿಗೆಲ್ಲ ತೆರೆದು ತೋರಿಸುತ್ತಿದ್ದರು.

ಈಗ ಮಾವ ಕಾರು ಒಯ್ಯಲು ಸಂಜೆ ಬರುವವರಿದ್ದರು. ಕಾರು ನೋಡಿದರೆ ನಿಂತಲ್ಲೇ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಮೇಷ್ಟ್ರ ಕೈಗೆ ಬಂದ ಎರಡನೇ ದಿನವೇ ಶುರುವಾದ ನಡುಕ ಅದು. ತಾನು ಏನು ಮಾಡಿಬಿಟ್ಟೆ ಎಂದು ಯೋಚಿಸಿ ಯೋಚಿಸಿ ಅವರಿಗೂ ನಡುಕ ಅಂಟಿತ್ತು.

"ರೀ, ಅಪ್ಪನ ಮನೇಲಿ ಇನ್ನೊಂದು ಡಬ್ಬಿ ಆಗೋದು ಬೇಡ" ಎಂದಳು ಹೆಂಡತಿ. "ಸುಮ್ನೆ ಮೆಕ್ಯಾನಿಕ್‌ಗೆ ತೋರಿಸಿ."

"ಭಾನುವಾರ ಯಾರು ಸಿಗ್ತಾರೆ? ನೋಡೋದಷ್ಟೇ ಕಣೆ, ಮುಟ್ಟಲ್ಲ."

ಮೇಷ್ಟ್ರು ಬಾನೆಟ್ ಎತ್ತಿ ನಿಲ್ಲಿಸಿದರು. ಗೆಳೆಯನಿಂದ ಒಂದು ಸ್ಕ್ಯಾನರ್ ತಂದಿದ್ದರು. ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದರೆ ಎಂಜಿನ್ನಿನ ಒಳಗುಟ್ಟನ್ನೆಲ್ಲ ಮೊಬೈಲಿಗೆ ಬಾಯಿಬಿಡುವ ಯಂತ್ರ. ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತಿದೆ ಎಂದು ಹೇಳುವ ಅಂಕಿಯೊಂದು ಪರದೆಯ ಮೇಲೆ ಬಂತು. ಸೆಕೆಂಡಿಗೆ ಎರಡೂವರೆ ಗ್ರಾಂ ಆಸುಪಾಸಿನಲ್ಲಿ ತೆಪ್ಪಗಿರಬೇಕಾದ ಅಂಕಿ ಒಂದಕ್ಕೆ ಇಳಿದು, ನಾಲ್ಕಕ್ಕೆ ನೆಗೆದು, ಮತ್ತೆ ಒಂದಕ್ಕೆ ಬಿದ್ದು ಕಪ್ಪೆಯಾಟ ಆಡುತ್ತಿತ್ತು.

ಅಷ್ಟು ಹೊತ್ತಿಗೆ ಮಹಡಿ ಮನೆಯಲ್ಲಿದ್ದ ಇನ್ಶೂರೆನ್ಸಿನವರು ಇಳಿದು ಬಂದರು. ಎಲ್ಲಿ ಏನು ಕೆಟ್ಟರೂ ಅಲ್ಲಿ ಹಾಜರಾಗಿ, ಅದು ಇನ್ನೂ ಎಷ್ಟು ಕೆಡಬಹುದಿತ್ತು ಎಂದು ಹೇಳುವುದು ಅವರ ಉದ್ಯೋಗ ಮತ್ತು ಹವ್ಯಾಸ.

"ಎಂಜಿನ್ ಹೋಯ್ತು ಅನ್ಕೊಳ್ಳಿ" ಎಂದರು ಬಂದವರೇ.

"ಹೋಗಿಲ್ಲ ಸಾರ್. ಗಾಳಿ ಅಳೆಯೋ ಸೆನ್ಸರ್ ಸುಳ್ಳು ಹೇಳ್ತಿರಬಹುದು. ಊಟಕ್ಕೆ ಎಷ್ಟು ಜನ ಕೂತಿದಾರೆ ಅಂತ ಎಣಿಸೋನೇ ತಪ್ಪು ಹೇಳಿದ್ರೆ ಅಡುಗೆಯವನು ಏನು ಮಾಡ್ತಾನೆ? ಗಾಳಿ ಲೆಕ್ಕ ತಪ್ಪಿದ್ರೆ ಪೆಟ್ರೋಲ್ ಲೆಕ್ಕ ತಪ್ಪುತ್ತೆ, ಎಂಜಿನ್ ನಡುಗುತ್ತೆ."

"ಅಷ್ಟೇನಾ? ಬೆಂಕಿ ಗಿಂಕಿ?"

ಉತ್ತರಿಸುವ ಮೊದಲೇ ಮೊಬೈಲಿನ ಅಂಕಿ ಸೊನ್ನೆಯ ಹತ್ತಿರಕ್ಕೆ ಕುಸಿಯಿತು. ಎಂಜಿನ್ ಗೊರಗೊರ ಎಂದು ಉಸಿರು ಕಟ್ಟಿ ನಿಂತೇಹೋಯಿತು. ಸೆನ್ಸರ್ ಸತ್ತೇ ಹೋಯಿತೆಂದುಕೊಂಡರು ಮೇಷ್ಟ್ರು. ಮುಂದೆ ಓಡಿ ಬಂದು ನೋಡಿದರೆ, ಪಕ್ಕದ ಮನೆಯ ಅಜ್ಜಿ ಗಾಳಿ ಕೊಳವೆಯ ಬಾಯಿಂದ ತಮ್ಮ ಒರೆಸುವ ಬಟ್ಟೆಯನ್ನು ಹಿಡಿದೆಳೆಯುತ್ತಿದ್ದರು. ಬೀದಿಯವರೆಲ್ಲ ಅವರನ್ನು ಫಳಫಳ ಅಜ್ಜಿ ಎನ್ನುತ್ತಿದ್ದರು. ಧೂಳು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ.

"ಎಷ್ಟು ಕೊಳೆ ಕಣಪ್ಪ ಇಲ್ಲಿ. ಒರೆಸೋಣ ಅಂದ್ರೆ ಬಟ್ಟೇನೇ ನುಂಗಕ್ಕೆ ಬಂತು."

"ಅಜ್ಜಿ, ಕೈಮುಗಿತೀನಿ, ಅತ್ತ ಕೂತ್ಕೊಳಿ."

ಮೇಷ್ಟ್ರು ಬೆವರು ಒರೆಸಿಕೊಂಡು ಯೋಚಿಸಿದರು. ಸಂಶಯವಿದ್ದಾಗ ಹೋಲಿಸಿ ನೋಡು ಎಂದು ಅವರೇ ವಿದ್ಯಾರ್ಥಿಗಳಿಗೆ ಹೇಳುವುದಿತ್ತು. ಪಕ್ಕದಲ್ಲೇ ಇನ್ಶೂರೆನ್ಸಿನವರ ಕಾರು ನಿಂತಿತ್ತು. ಅದೇ ಕಂಪನಿ, ಅದೇ ಮಾದರಿ.

"ಸಾರ್, ನಿಮ್ಮ ಸೆನ್ಸರ್ ಇದಕ್ಕೆ, ಇದರ ಸೆನ್ಸರ್ ನಿಮ್ಮದಕ್ಕೆ ಹಾಕಿ ನೋಡೋಣ. ನಡುಕ ಸೆನ್ಸರ್ ಜೊತೆ ಹೋದ್ರೆ ತಪ್ಪು ಸೆನ್ಸರಿಂದು. ಇಲ್ಲೇ ಉಳಿದ್ರೆ ಕಾರಿಂದು. ಸಿದ್ಧಾಂತ ಅಷ್ಟೇ. ಎರಡೇ ಎರಡು ಸ್ಕ್ರೂ."

"ಎರಡು ಸ್ಕ್ರೂ ಅನ್ನೋ ಮಾತು ಈ ಮನೇಲಿ ಬೇಡ" ಎಂದಳು ಕಿಟಕಿಯಿಂದ ಹೆಂಡತಿ.

ಇನ್ಶೂರೆನ್ಸಿನವರು ತಮ್ಮ ಕಾರನ್ನು ಪ್ರೀತಿಯಿಂದ ನೋಡಿದರು. "ನನ್ನದಕ್ಕೆ ಏನಾದ್ರೂ ಆದ್ರೆ?"

"ಏನೂ ಆಗಲ್ಲ. ನೋಡಿ, ವಾಪಸ್ ಹಾಕಿಬಿಡೋದು. ನನ್ನ ಹೊಣೆ."

ಮೇಷ್ಟ್ರು ಅಚ್ಚುಕಟ್ಟಿನ ಮನುಷ್ಯ. ಹೆಬ್ಬೆರಳಿನಷ್ಟು ದಪ್ಪದ ಎರಡೂ ಸೆನ್ಸರುಗಳನ್ನು ಬಿಚ್ಚಿ, ಮಾವನ ಕಾರಿನದರ ಬೆನ್ನಿಗೆ 'ಕ' ಎಂದೂ ಇನ್ನೊಂದಕ್ಕೆ 'ಖ' ಎಂದೂ ಪೆನ್ನಿನಲ್ಲಿ ಬರೆದು, ಟವೆಲ್ಲಿನ ಮೇಲೆ ಅಕ್ಕಪಕ್ಕ ಮಲಗಿಸಿದರು. ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿ ಎರಡೆರಡು ಸಲ ಎಣಿಸಿದರು. ಆಗಲೇ ಹೆಂಡತಿ ಒಳಗಿನಿಂದ ಕೂಗಿದಳು. "ರೀ, ಅಪ್ಪನ ಫೋನು. ರೈಲು ಬೇಗ ಬಂತಂತೆ. ದಾರಿ ಕೇಳ್ತಿದಾರೆ."

ಮೇಷ್ಟ್ರು ಒಳಗೆ ಓಡಿದರು. ಬೇಕಿರದ ತಿರುವನ್ನೂ ಸೇರಿಸಿ, ಆದಷ್ಟು ಸುತ್ತುಬಳಸಿನ ದಾರಿ ಹೇಳಿ ವಾಪಸು ಬಂದರು. ಟವೆಲ್ಲಿನ ಮೇಲೆ ಎರಡು ಸೆನ್ಸರುಗಳು ಈಗ ತಾನೇ ಸ್ನಾನ ಮಾಡಿದ ಅವಳಿ ಮಕ್ಕಳಂತೆ ಹೊಳೆಯುತ್ತಿದ್ದವು.

"ಯಾರೋ ಬೆನ್ನ ಮೇಲೆಲ್ಲ ಗೀಚಿದ್ರು" ಎಂದರು ಫಳಫಳ ಅಜ್ಜಿ. "ಎರಡನ್ನೂ ಒರೆಸಿಟ್ಟೆ."

ಮೇಷ್ಟ್ರು ಎರಡರ ಬೆನ್ನನ್ನೂ ತಿರುಗಿಸಿ ನೋಡಿದರು. 'ಕ'ವೂ ಇಲ್ಲ, 'ಖ'ವೂ ಇಲ್ಲ. "ಯಾವುದು ಎಲ್ಲಿತ್ತು ಅಜ್ಜಿ?"

"ಎಲ್ಲಿದ್ರೇನಪ್ಪ? ಎರಡೂ ಒಂದೇ ಥರ ಇವೆ."

"ನಾನು ಆಗ್ಲೇ ಹೇಳಿದ್ದೆ" ಎಂದರು ಇನ್ಶೂರೆನ್ಸಿನವರು. ಅವರು ಏನನ್ನೂ ಹೇಳಿರಲಿಲ್ಲ.

ಮೇಷ್ಟ್ರು ಕೈಗೆ ಸಿಕ್ಕಿದ ಸೆನ್ಸರನ್ನು ಮಾವನ ಕಾರಿಗೆ ಕೂರಿಸಿ ಬಿಗಿದರು. ಕೀಲಿ ತಿರುಗಿಸಿದರು. ಅಂಕಿ ಎರಡೂವರೆಗೆ ಬಂದು ಧ್ಯಾನಕ್ಕೆ ಕೂತಿತು. ಎಂಜಿನ್ ಉಂಡು ಮಲಗಿದ ಮಗುವಿನ ಹಾಗೆ ಉಸಿರಾಡಿತು. ಇದು ಇನ್ಶೂರೆನ್ಸಿನವರ ಕಾರಿನ ಸೆನ್ಸರೋ, ಅಥವಾ ಬಿಚ್ಚಿ ಹಾಕಿದ್ದಕ್ಕೆ ಹಳೆಯದೇ ಸರಿಹೋಯಿತೋ? ತಿಳಿಯಲು ಇನ್ನೊಂದು ಕಾರು ಚಾಲೂ ಮಾಡಬೇಕು. ಆ ಕಾರಿಗೆ ಉಳಿದ ಸೆನ್ಸರ್ ಬಿಗಿದು, ಸ್ಕ್ಯಾನರ್ ಕಿತ್ತುಕೊಂಡು, ಎರಡೂ ಬಾನೆಟ್ ಇಳಿಸುವಷ್ಟರಲ್ಲಿ ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು.

ಮಾವ ಇಳಿದರು. ಮೇಷ್ಟ್ರು ಮಾವನ ಕಾರಿನ ಬಾನೆಟ್ ಮೇಲೆ ಕೈಯಿಟ್ಟು, ಅದು ಹುಟ್ಟಿದಾಗಿನಿಂದ ಮುಚ್ಚಿಯೇ ಇತ್ತೆನ್ನುವ ಮುಖ ಮಾಡಿ ನಿಂತರು.

ಮಾವ ನೀರನ್ನೂ ಕುಡಿಯದೆ ಸೀದಾ ಕಾರಿನಲ್ಲಿ ಕೂತರು. ಕೀಲಿ ತಿರುಗಿಸಿದರು. ಕಿವಿಗೊಟ್ಟರು. ಸ್ಟೀರಿಂಗಿನ ಮೇಲೆ ಅಂಗೈಯಿಟ್ಟು, ನಾಡಿ ನೋಡುವವರಂತೆ ಕಣ್ಣು ಮುಚ್ಚಿದರು. ಮೇಷ್ಟ್ರ ಬೆನ್ನ ಮೇಲೆ ಬೆವರು ದಾರಿ ಹುಡುಕಿತು.

"ಅಳಿಯಂದಿರೇ. ಎಲ್ಲಿ ಹೋಯ್ತು?"

"ಏನು ಮಾವ?"

"ನಡುಕ. ಆರು ತಿಂಗಳಿಂದ ಒಂದು ದಿನ ಇದ್ರೆ ಒಂದು ದಿನ ಇರ್ತಿರಲಿಲ್ಲ. ಇಬ್ಬರು ಮೆಕ್ಯಾನಿಕ್‌ಗಳು ಕೈಚೆಲ್ಲಿದ್ರು. ಅದಕ್ಕೇ ನಿಮಗೆ ಕೊಟ್ಟಿದ್ದು."

ಮೇಷ್ಟ್ರು ಬಾನೆಟ್ ಮೇಲಿನ ಕೈ ತೆಗೆದರು. "ಮತ್ತೆ ಬಾನೆಟ್ ಎತ್ತಬೇಡಿ ಅಂದ್ರಿ?"

"ಎತ್ತಿ ಅಂದಿದ್ರೆ ಎತ್ತುತ್ತಿದ್ರಾ? ಪುಸ್ತಕ ಓದ್ತಾ ಕೂತಿರ್ತಿದ್ರಿ" ಎಂದು ಮಾವ ನಕ್ಕರು. "ಆ ಗಡಿಯಾರ ಇವತ್ತಿಗೂ ಎಷ್ಟು ಸರಿಯಾಗಿ ನಡೀತಿದೆ ಗೊತ್ತಾ? ಡಬ್ಬಿ ತೋರಿಸಿ ಎಲ್ಲರಿಗೂ ನಿಮ್ಮ ವಿಷಯವೇ ಹೇಳ್ತೀನಿ."

ಮಗಳ ಕೈಯಿಂದ ನೀರು ಕುಡಿದು, ಮಾವ ಹೊರಟರು. ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ತಿರುವಿನಲ್ಲಿ ಮರೆಯಾಯಿತು. ಒಂದು ವರ್ಷದಿಂದ ಹೊತ್ತ ಎರಡು ಸ್ಕ್ರೂಗಳ ಭಾರ ಮೇಷ್ಟ್ರ ತಲೆಯಿಂದ ಇಳಿಯಿತು. ಅವರು ನೆಟ್ಟಗೆ ನಿಂತರು.

ಹಿಂದಿನಿಂದ ಇನ್ಶೂರೆನ್ಸಿನವರು ತಮ್ಮ ಕಾರು ಚಾಲೂ ಮಾಡಿದ ಸದ್ದು ಬಂತು. ಕಾರು ಕೆಮ್ಮಿತು. ಆಮೇಲೆ ನಂಬರ್ ಪ್ಲೇಟು ಗಡಗಡ ಹಲ್ಲು ಕಡಿಯುವಂತೆ ನಡುಗತೊಡಗಿತು.

ಮೇಷ್ಟ್ರು ತಿರುಗಲಿಲ್ಲ.

"ಮೇಷ್ಟ್ರೇ" ಎಂದರು ಇನ್ಶೂರೆನ್ಸಿನವರು, ತೀರಾ ಮೆಲ್ಲಗೆ. "ಅದೇನೋ ಸಿದ್ಧಾಂತ ಹೇಳಿದ್ರಲ್ಲ. ಇನ್ನೊಂದ್ಸಲ ಹೇಳಿ. ಹೊಣೆ ಯಾರದು ಅಂದ್ರಲ್ಲ, ಅದನ್ನೂ ಹೇಳಿ."

ಮಾವನನ್ನು ಫೋನ್ ಮಾಡಿ ನಿಲ್ಲಿಸಬಹುದಿತ್ತು. ಹಾಗೆ ಯೋಚಿಸುತ್ತಿರುವಾಗಲೇ ಹೆಂಡತಿ ಮೊಬೈಲ್ ಹಿಡಿದು, ಮುಖವೆಲ್ಲ ಅರಳಿಸಿಕೊಂಡು ಹೊರಗೆ ಬಂದಳು.

"ರೀ, ಅಪ್ಪನ ಫೋನು. ಕಾರು ಹೂವಿನ ಹಾಗೆ ಓಡ್ತಿದೆಯಂತೆ. ನಾಳೆ ಚಿಕ್ಕಪ್ಪನ ಜೀಪು ಕಳಿಸ್ತಾರಂತೆ, ಒಂದು ವಾರ ಇಟ್ಕೊಳ್ಳಬೇಕಂತೆ." ಅವಳು ತುಸು ತಡೆದು ಹೇಳಿದಳು. "ಬಾನೆಟ್ ಮಾತ್ರ ಎತ್ತಬಾರದಂತೆ."